ಹಣದ ಮೂಲ

“ಚೆನ್ನಾಗಿ ನಿದ್ದೆ ಬಂತಾ, ಶುಂಬಾ?” ಎಂದು ಹೆಂಡತಿ ಕೇಳಿದಳು. “ನಿನಗೆ ಬಂದಿದ್ರೆ ನನಗೂ ಬಂದ ಹಾಗೆ,” ಎಂದ ಮಜರುರ. ಹರಾರೆಯಲ್ಲಿ ಬೆಳಗಾದರೆ ಎಲ್ಲರೂ ಎಲ್ಲರಿಗೂ ಕೊಡುವ ಉತ್ತರ ಅದು. ಕೊಟ್ಟವನು ನಿಜಕ್ಕೂ ಕಣ್ಣು ಮುಚ್ಚಿದ್ದನೋ ಇಲ್ಲವೋ ಎಂದು ಯಾರೂ ವಿಚಾರಿಸಲು ಹೋಗುವುದಿಲ್ಲ. ನಾಲ್ಕು ತಿಂಗಳಿಂದ ಈ ಒಂದು ಮಾತು ಅವನ ಮಾನ ಕಾಪಾಡಿಕೊಂಡು ಬಂದಿದೆ. ಶುಂಬಾ ಎಂದರೆ ಸಿಂಹ, ಅವನ ಕುಲದ ಹೆಸರು. ಅರವತ್ತನಾಲ್ಕು ದಾಟಿದ, ಮಂಡಿನೋವಿನ ಆ ಸಿಂಹ ಅಲ್ಲಿ ಚಳಿಗಾಲವಾದ ಜೂನ್ ತಿಂಗಳಲ್ಲಿ ಎರಡು ಸ್ವೆಟರ್ ಏರಿಸಿಕೊಂಡು, ಅಡುಗೆಮನೆಯ ಮೇಜಿಗೆ ಮೊಣಕೈ ಊರಿ, ಬೇಯಿಸಿದ ಗೆಣಸಿನ ಸಿಪ್ಪೆ ಸುಲಿಯುತ್ತಿತ್ತು. ಎಸ್ನಾತ್ (ಅವಳನ್ನೂ ಮನೆಯಲ್ಲಿ ಕರೆಯುವುದು ಕುಲದ ಹೆಸರಿನಿಂದಲೇ, ಚಿಹೇರಾ ಎಂದು) ಹಿತ್ತಲಿನ ಕೋಳಿಗಳಿಗೆ ಕಾಳು ಹಾಕಿ ಬಂದು, ಕೈ ಒರೆಸಿಕೊಂಡು, ಸಕ್ಕರೆ ಡಬ್ಬಿಯ ಅಡಿಯಿಂದ ಐದು ಡಾಲರಿನ ನೋಟು ತೆಗೆದು ಅವನ ತಟ್ಟೆಯ ಪಕ್ಕ ಇಟ್ಟಳು. ಮೊಟ್ಟೆ ಮಾರಿದ ದುಡ್ಡು. ಪೇಟೆಗೆ ಹೋಗುತ್ತೀರಲ್ಲ, ಉಣುಗಿನ ಮುಲಾಮು ಒಂದು ಡಬ್ಬಿ ತೆಗೆದುಕೊಂಡು ನಮ್ಮೂರು ಗುಟುವಿಗೆ ಹೋಗುವ ಬಸ್ಸಿನ ಡ್ರೈವರನ ಕೈಲಿ ಕಳಿಸಿ, ಕಿವಿಯ ಒಳಗೆ, ಬಾಲದ ಬುಡಕ್ಕೆ ಹಚ್ಚಬೇಕು ಅಂತ ಭಾವನವರಿಗೆ ಹೇಳಿ, ಅವರು ಬೆನ್ನಿಗೆ ಸವರಿ ಸುಮ್ಮನಾಗುತ್ತಾರೆ, ಎಂದಳು. ಅವಳ ಹಸುವಿಗೆ. ಫೆಬ್ರವರಿಯಿಂದ ಈಚೆಗೆ ಇದು ನಾಲ್ಕನೆಯ ಡಬ್ಬಿಯ ದುಡ್ಡು. ಮೊದಲನೆಯ ನೋಟನ್ನು ಅವನು ವಾರವಿಡೀ ಜೇಬಿನಲ್ಲಿ ಮುಟ್ಟಿ ಮುಟ್ಟಿ ನೋಡಿಕೊಂಡಿದ್ದ. ಎರಡನೆಯದು ಖರ್ಚಾಯಿತು. ಮೂರನೆಯದು ಏನಾಯಿತೆಂದು ನೆನಪೇ ಇಲ್ಲ. ಹಸು ಇರಲಿಲ್ಲ. ಫೆಬ್ರವರಿಯ ಎರಡನೆಯ ವಾರದಲ್ಲೇ ಅದು ಕಸಾಯಿಖಾನೆಯ ಲಾರಿ ಹತ್ತಿತ್ತು. ಅವನು ನೋಟನ್ನು ಮಡಿಸಿ ಜೇಬಿಗೆ ಹಾಕಿಕೊಂಡು, “ಹೇಳ್ತೀನಿ,” ಎಂದ.

ಅವರಿದ್ದ ಬಡಾವಣೆಗೆ ಯಾವ ಪುಣ್ಯಾತ್ಮನೋ ಜಲಪಾತ ಎಂಬ ಅರ್ಥದ ಹೆಸರಿಟ್ಟಿದ್ದ. ನಲ್ಲಿಗೆ ನೀರು ಬರುವುದು ವಾರಕ್ಕೆ ಎರಡು ದಿನ. ಸಾಲಾಗಿಟ್ಟ ಬಕೆಟ್ಟುಗಳನ್ನು ದಾಟಿಕೊಂಡು ಅವನು ರಸ್ತೆಗೆ ಬಂದು, ಕೊಂಬಿ ವ್ಯಾನಿನ ಹಿಂದಿನ ಸೀಟಿನಲ್ಲಿ ಮೂವರ ಜಾಗಕ್ಕೆ ನಾಲ್ಕನೆಯವನಾಗಿ ತೂರಿಕೊಂಡ. ಕಂಡಕ್ಟರ್ ಅವನು ಕೊಟ್ಟ ಒಂದು ಡಾಲರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಮಡಿಕೆಯಲ್ಲಿ ಅರ್ಧ ಹರಿದು, ಕೈಯಿಂದ ಕೈಗೆ ಹೋಗಿ ಹೋಗಿ ಮಣ್ಣಿನ ಬಣ್ಣಕ್ಕೆ ಬಂದಿದ್ದ ನೋಟು. “ಅಜ್ಜಾ, ಇದು ತೀರಿಕೊಂಡು ಬಹಳ ದಿನ ಆಯ್ತು. ಬೇರೆ ಕೊಡಿ,” ಎಂದು ವಾಪಸ್ಸು ಚಾಚಿದ. ವ್ಯಾನಿನಲ್ಲಿ ಇಬ್ಬರು ಮೂವರು ನಕ್ಕರು. ಬೇರೆ ಎಂದರೆ ಇದ್ದದ್ದು ಹೆಂಡತಿಯ ಐದರ ನೋಟು ಮಾತ್ರ. ಮೊಟ್ಟೆ ಕೊಳ್ಳುವವರಿಂದ ಅವಳು ಆರಿಸಿ ಆರಿಸಿ ಇಸಿದುಕೊಂಡಿದ್ದ ಗರಿಗರಿ ನೋಟು. ಅದನ್ನೇ ಕೊಟ್ಟ, ಚಿಲ್ಲರೆಯಾಗಿ ತನ್ನ ನೋಟಿನ ಅಣ್ಣತಮ್ಮಂದಿರಂತಿದ್ದ ನಾಲ್ಕು ನೋಟುಗಳು ಕೈಗೆ ಬಂದವು. ದ್ವೀಪದಲ್ಲಿ ಮನೆ ಕೊಳ್ಳಲು ಹೊರಟವನ ಡಾಲರು ಕೊಂಬಿಯಲ್ಲಿ ನಡೆಯಲಿಲ್ಲ ಎಂದು ಚಿಹೇರಾಗೆ ಹೇಳಿದರೆ ಬಿದ್ದು ಬಿದ್ದು ನಗುತ್ತಾಳೆ. ಮಾರಿಷಸ್ಸಿನ ಮನೆಯ ಸಂಗತಿ ಅವಳಿಗೆ ಗೊತ್ತು, ಪೇಟೆಯಾಚೆಗಿದ್ದ ನಿವೇಶನ ಮಾರಿ ಅದಕ್ಕೆ ಮುಂಗಡ ಕಟ್ಟಿದ್ದೂ ಗೊತ್ತು. ಏಳನೆಯ ಮಹಡಿಯಲ್ಲಿ ಒಂದೇ ಕೋಣೆಯ ಮನೆ, ಅದರಲ್ಲಿ ನಾಲ್ಕನೆಯ ಒಂದು ಪಾಲು. ನಮ್ಮ ಪಾಲಿಗೆ ಕಿಟಕಿ ಬರುತ್ತೋ ಬಚ್ಚಲು ಬರುತ್ತೋ ಕೇಳಿಕೊಂಡು ಬನ್ನಿ, ಬಚ್ಚಲಾದರೆ ನೀರಾದರೂ ಇರುತ್ತದೆ, ಎಂದು ಅವಳು ಆಗ ನಕ್ಕಿದ್ದಳು. ಎರಡನೆಯ ಕಂತು ಎಲ್ಲಿಂದ ಬಂತು ಎಂದು ಮಾತ್ರ ಅವಳು ಕೇಳಲಿಲ್ಲ. ಗಂಡನಿಗೆ ದುಡ್ಡಿನ ವಿಷಯ ತಿಳಿಯುತ್ತದೆ ಎಂಬ ನಂಬಿಕೆ ಅವಳಲ್ಲಿ ಇನ್ನೂ ಉಳಿದುಕೊಂಡಿತ್ತು, ಯಾಕೆ ಉಳಿಯಿತೋ ಅವನಿಗೇ ಅರ್ಥವಾಗದು.

ಮೂವತ್ತೊಂದು ವರ್ಷ ಅವನು ವಿಮಾ ಕಂಪನಿಯ ಪಿಂಚಣಿ ವಿಭಾಗದಲ್ಲಿದ್ದ. ಸೊನ್ನೆಗಳ ವರ್ಷದಲ್ಲಿ, ನೋಟಿನ ಮೇಲೆ ಸೊನ್ನೆಗಳು ಏರುತ್ತ ಹೋಗಿ ಬೆಳಗಿನ ಬ್ರೆಡ್ಡಿನ ಬೆಲೆ ಮಧ್ಯಾಹ್ನಕ್ಕೆ ಇಮ್ಮಡಿಯಾಗುತ್ತಿದ್ದ ಆ ವರ್ಷದಲ್ಲಿ, ಪಿಂಚಣಿದಾರರಿಗೆ ಹೋದ ಪತ್ರಗಳಿಗೆಲ್ಲ ಸಹಿ ಮಾಡಿದ್ದು ಅವನೇ. ನಿಮ್ಮ ಜೀವಮಾನದ ಉಳಿತಾಯದ ಪೂರ್ಣ ಮೊತ್ತವನ್ನು ಈ ಮೂಲಕ ಸಲ್ಲಿಸಲಾಗಿದೆ. ಒಬ್ಬ ನಿವೃತ್ತ ಶಾಲಾ ಮೇಡಂ, ಚರ್ಚಿನ ಕೆಂಪು ರವಿಕೆ ಬಿಳಿ ಟೋಪಿಯಲ್ಲಿ, ಲಕೋಟೆ ಹಿಡಿದುಕೊಂಡು ಅವನ ಮೇಜಿನ ತನಕ ಬಂದಿದ್ದಳು. ಕೂಗಾಡಲಿಲ್ಲ. “ಒಳಗಿರೋದಕ್ಕಿಂತ ಮೇಲಂಟಿಸಿರೋ ಸ್ಟ್ಯಾಂಪಿಗೇ ಬೆಲೆ ಜಾಸ್ತಿ, ಮಗಾ. ಸ್ಟ್ಯಾಂಪನ್ನಾದ್ರೂ ವಾಪಸ್ ತಗೊಳ್ತೀರಾ?” ಎಂದು ಕೇಳಿದಳು. ಅವನು ನಿಯಮದ ಪುಸ್ತಕ ತೆರೆದು ತೋರಿಸಿದ. ಅದನ್ನು ಯಾಕೆ ತೋರಿಸಿದನೋ, ಇಂದಿಗೂ ಆ ಪುಟದ ಸಂಖ್ಯೆ ನೆನಪಿದೆ. ಮರುವರ್ಷ ಅವನ ಸರದಿ ಬಂತು. ಮಾನ್ಯ ಮಜರುರ ಅವರೇ ಎಂದು ತಾನೇ ಟೈಪು ಮಾಡಿ, ತಾನೇ ಸಹಿ ಹಾಕಿ, ಅಂಚೆಗೆ ಹಾಕುವುದು ದಂಡವೆಂದು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ. ಆ ವರ್ಷ ಮನೆಯಲ್ಲಿ ಬೆಲೆ ಕಳೆದುಕೊಳ್ಳದೆ ಉಳಿದದ್ದು ಒಂದೇ ಒಂದು, ಊರಲ್ಲಿ ಅಣ್ಣನ ದೊಡ್ಡಿಯಲ್ಲಿದ್ದ ಚಿಹೇರಾಳ ಹಸು. ಮಗಳು ನ್ಯಾರಾಯ್‌ಳ ಮದುವೆಯಲ್ಲಿ ಅಳಿಯ ಹುಡುಗಿಯ ತಾಯಿಗೆಂದು ತಂದು ಕಟ್ಟಿದ ತಾಯಿಹಸು ಅದು. ಅದು ಅವಳದು, ಅದರ ಕರುಗಳು ಅವಳವು, ಅವಳು ಕಣ್ಣು ಮುಚ್ಚಿದರೆ ಅವಳ ತವರಿಗೆ ಸೇರಬೇಕಾದದ್ದು. ಗಂಡನಾದವನು ಅದರ ಹಗ್ಗ ಹಿಡಿಯಬಹುದು, ಅದರ ಬೆಲೆ ಹಿಡಿಯುವಂತಿಲ್ಲ. ಮೊಮ್ಮಗುವಿಗೆ ಜ್ವರ ಬಂದರೆ ಚಿಹೇರಾ ಮೊದಲು ಮಗಳಿಗೆ ಫೋನು ಮಾಡುತ್ತಾಳೆ, ಆಮೇಲೆ ಊರಿಗೆ ಫೋನು ಮಾಡಿ ಹಸು ಹೇಗಿದೆ ಎಂದು ಕೇಳುತ್ತಾಳೆ. ತಾಯಿಹಸುವಿಗೆ ನೋವಾದರೆ ಅದು ಮುಟ್ಟುವುದು ಮಗಳ ಮಕ್ಕಳಿಗೆ. ಮಜರುರ ಇಂಥದ್ದನ್ನೆಲ್ಲ ನಂಬುವವನಲ್ಲ. ಏಪ್ರಿಲ್‌ನಲ್ಲಿ ಮೊಮ್ಮಗುವಿಗೆ ಕೆಮ್ಮು ಹತ್ತಿದಾಗ, ಊರಲ್ಲಿ ಫೋನಿಗೆ ಸಿಗ್ನಲ್ ಇಲ್ಲವೆಂದು ಹೆಂಡತಿಗೆ ಸುಳ್ಳು ಹೇಳಿ, ಬೀದಿಗೆ ಹೋಗಿ ಹತ್ತು ನಿಮಿಷ ನಿಂತು ಬಂದಿದ್ದ.

ಮಾರಿಷಸ್ಸಿನ ಮನೆ ಮಾರುವ ಏಜೆಂಟನ ಕಚೇರಿ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ಪ್ರತಿ ತಿರುವಿನಲ್ಲೂ ನಿಂತು ಅವನು ಮಂಡಿ ಒತ್ತಿಕೊಂಡ. ಪ್ರೇಜ್‌ಮೋರ್ ಎಂಬ ಈ ಏಜೆಂಟನನ್ನು ಅವನು ಮೊದಲು ಕಂಡದ್ದು ಹೋಟೆಲೊಂದರ ಸಭೆಯಲ್ಲಿ. ಅಲ್ಲಿ ನೆರೆದಿದ್ದ ನಲವತ್ತು ಜನರೂ ನರೆತ ತಲೆಯವರು, ಎಲ್ಲರೂ ಒಂದಲ್ಲ ಒಂದು ವರ್ಷ ಸೊನ್ನೆಗಳ ಪಾಲಾದವರು. ಒಬ್ಬನ ತಮ್ಮ ದುಬೈನಲ್ಲಿ ಫ್ಲಾಟು ಕೊಂಡಿದ್ದ, ಇನ್ನೊಬ್ಬ ಲಂಡನ್ನಿನಲ್ಲಿ ಷೇರು ಇಟ್ಟಿದ್ದ, ಮತ್ತೊಬ್ಬ ಗಡಿಯಾಚೆ ಬೋಟ್ಸ್‌ವಾನಾದ ಬ್ಯಾಂಕಿನಲ್ಲಿ. ತಮ್ಮ ನೆಲದ ಮೇಲೆ ಇಟ್ಟದ್ದು ಯಾವುದೂ ನಿಲ್ಲುವುದಿಲ್ಲ ಎಂಬ ಒಂದು ಮಾತಿನಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿತ್ತು. ಪ್ರೇಜ್‌ಮೋರನಿಗೆ ಇಂಥ ಜನರ ಮನಸ್ಸು ಗೊತ್ತಿತ್ತು. ಪರದೆಯ ಮೇಲೆ ಸಮುದ್ರ ತೋರಿಸುತ್ತ, “ಹಿರಿಯರೇ, ಇದೂ ಒಂದು ಹಸುವೇ. ಹುಲ್ಲು ಕೇಳಲ್ಲ, ಉಣುಗು ಹತ್ತಲ್ಲ, ಜನವರಿ ರೋಗಕ್ಕೆ ಸಾಯಲ್ಲ. ವರ್ಷಕ್ಕೊಂದು ಕರು ಹಾಕುತ್ತೆ, ಅದಕ್ಕೆ ಬಾಡಿಗೆ ಅಂತಾರೆ,” ಎಂದಿದ್ದ. ಎಲ್ಲರೂ ನಕ್ಕಿದ್ದರು. ಮಜರುರ ಎರಡು ಸಮೋಸವನ್ನು ಕರವಸ್ತ್ರದಲ್ಲಿ ಸುತ್ತಿ ಚಿಹೇರಾಗೆಂದು ಜೇಬಿಗಿಳಿಸುವಾಗ ಹೋಟೆಲಿನ ಮಾಣಿ ನೋಡಿಬಿಟ್ಟಿದ್ದ. ಆ ಮಾಣಿಯ ಮುಖ ಆ ಸಮುದ್ರಕ್ಕಿಂತ ಸ್ಪಷ್ಟವಾಗಿ ನೆನಪಿದೆ. ನಿವೇಶನ ಮಾರಿ ಮುಂಗಡ ಕಟ್ಟಿ ಮೂರೇ ವಾರಕ್ಕೆ ಊರಿಂದ ಅಣ್ಣನ ಫೋನು ಬಂತು. ಉಣುಗಿನಿಂದ ದನಗಳಿಗೆ ಹರಡುವ ಜನವರಿ ರೋಗ ಆ ಸಲ ಫೆಬ್ರವರಿಗೂ ಬಿಡಲಿಲ್ಲ, ಮೂರು ದನ ಬಿದ್ದವು, ಏನು ಮಾಡಲಿ ಎಂದು. ಮಾರಿಬಿಡಿ ಎಂದಿದ್ದ ಇವನು. ಹನ್ನೊಂದು ದನಗಳ ದುಡ್ಡು ಎರಡನೆಯ ಕಂತಿಗೆ ಸರಿಯಾಯಿತು. ಆ ಗಾಬರಿಯಲ್ಲಿ ಅವಳ ಹಸು ಅದರಲ್ಲಿದೆ ಎಂಬುದೇ ನೆನಪಾಗಲಿಲ್ಲ ಎಂದು ನಾಲ್ಕು ತಿಂಗಳಿಂದ ಅವನು ತನಗೆ ಹೇಳಿಕೊಂಡು ಬಂದಿದ್ದ.

ಗಾಬರಿ ಬೇಡ ಎಂದೇ ಪ್ರೇಜ್‌ಮೋರ್ ಮಾತು ಶುರುಮಾಡಿದ. ದ್ವೀಪದ ಬ್ಯಾಂಕಿನವರು ಹೊಟ್ಟೆ ತುಂಬಿದ ಜನ, ಅವರಿಗೆ ಪ್ರಶ್ನೆಗಳು ಜಾಸ್ತಿ, ಹಣದ ಮೂಲ ಎಂಬ ಒಂದು ಕಾಲಮ್ಮಿನಲ್ಲಿ ತೊಡಕಾಗಿದೆ ಅಷ್ಟೆ. ಮಜರುರ ಆ ಕಾಲಮ್ಮಿನಲ್ಲಿ ಜಾನುವಾರು ಮಾರಾಟ ಎಂದು ಬರೆದು, ಊರಿನ ದನಗಳ ಕಾರ್ಡಿನ ಪ್ರತಿ ಲಗತ್ತಿಸಿದ್ದ. ಔಷಧಿ ನೀರಿನ ತೊಟ್ಟಿಯಲ್ಲಿ ದನಗಳನ್ನು ಮುಳುಗಿಸುವ ದಿನ ಸರ್ಕಾರದ ಗುಮಾಸ್ತ ಬರೆದಿಡುವ ಕಾರ್ಡು. ಪ್ರೇಜ್‌ಮೋರ್ ಅದರ ಒಂದು ಸಾಲಿಗೆ ಬೆರಳಿಟ್ಟ. ಹತ್ತು ದನಗಳ ಮುಂದೆ ಅವನ ಹೆಸರು. ಹನ್ನೊಂದನೆಯದು ಹಣೆಯಲ್ಲಿ ಬಿಳಿ ಮಚ್ಚೆಯ ಕೆಂಪು ಹಸು, ಅದರ ಮುಂದೆ ಶ್ರೀಮತಿ ಇ. ಮಜರುರ. ಅವನಿಗೆ ಆ ದಿನ ಥಟ್ಟನೆ ನೆನಪಾಯಿತು. ಮಗಳ ಮದುವೆಯಾದ ವರ್ಷವೇ ಚಿಹೇರಾ ಟೋಪಿ ಇಟ್ಟುಕೊಂಡು ಬಸ್ಸು ಹತ್ತಿ ಊರಿಗೆ ಹೋಗಿ, ಗಂಡಸರ ಸಾಲಿನಲ್ಲಿ ಅರ್ಧ ದಿನ ನಿಂತು ಹಸುವನ್ನು ತನ್ನ ಹೆಸರಿಗೆ ಬರೆಸಿ ಬಂದಿದ್ದಳು. ಬರೆಸಿದರೆ ಹಾಲು ಜಾಸ್ತಿ ಕೊಡುತ್ತದೆಯೇ ಎಂದು ಅವನು ಛೇಡಿಸಿದಾಗ, “ಬರೆಸಿದ್ರೆ ಯಾರೂ ಮರೆಯೋಕಾಗಲ್ಲ,” ಎಂದಿದ್ದಳು. ಆ ಹಸು ಸತ್ತು ಅದರ ಮಗಳು, ಮಗಳ ಮಗಳು ದೊಡ್ಡಿಗೆ ಬಂದಾಗಲೆಲ್ಲ ಹೆಸರು ಮುಂದಕ್ಕೆ ಬರೆಸಿಕೊಂಡೇ ಬಂದಿದ್ದಾಳೆ ಎಂಬುದು ಅವನಿಗೆ ಈಗ ಗೊತ್ತಾಯಿತು.

“ಒಡತಿ ಒಪ್ಪಿ ಮಾರಿದ್ದು ಅಂತ ಅವರ ಸಹಿ ಇರೋ ಒಂದು ಕಾಗದ ಸಾಕಂತೆ. ಸೋಮವಾರ ಮಧ್ಯಾಹ್ನದೊಳಗೆ,” ಎಂದ ಪ್ರೇಜ್‌ಮೋರ್. ಆಮೇಲೆ ಆ ಸಾಲನ್ನು ಮತ್ತೊಮ್ಮೆ ಓದಿದ. ಹೆಂಗಸಿನ ಹೆಸರಿನಲ್ಲಿ ಒಂದೇ ಒಂದು ಹಸು. ಅವನೂ ಈ ನೆಲದವನೇ. ಅವನ ಮುಖದಿಂದ ವ್ಯಾಪಾರದ ನಗು ಇಳಿದುಹೋಯಿತು. “ಶುಂಬಾ, ಇದು ತಾಯಿಹಸುನಾ?” ಎಂದು ಮೆಲ್ಲಗೆ ಕೇಳಿದ. ಮಜರುರ ತನ್ನ ಟೋಪಿಯ ಒಳಗನ್ನು ನೋಡಿಕೊಂಡು ಕೂತಿದ್ದ. ಕಾಗದ ಬರದಿದ್ದರೆ ಮುಂಗಡವೂ ಮುಳುಗುತ್ತದೆ. ಮನೆ ಕೊಳ್ಳುವ ಒಪ್ಪಂದದ ಒಂಬತ್ತನೆಯ ಪುಟದಲ್ಲಿ ಹಾಗೆಂದು ಬರೆದಿತ್ತು, ಸಣ್ಣ ಅಕ್ಷರ ಓದುವುದೇ ಕಸುಬಾಗಿದ್ದ ಅವನು ಅದನ್ನು ಓದಿಯೇ ಸಹಿ ಹಾಕಿದ್ದ. ಪ್ರೇಜ್‌ಮೋರ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, “ಅಲ್ಲಿಯವರಿಗೆ ಬೇಕಾಗಿರೋದು ಒಂದು ಸಹಿ. ಯಾರ ಕೈ ಬರೀತು ಅಂತ ಅವರು ಇಲ್ಲೀವರೆಗೂ ಬಂದು ನೋಡಲ್ಲ. ನಾನೇನೂ ಹೇಳಿಲ್ಲ, ನೀವೇನೂ ಕೇಳಿಲ್ಲ,” ಎಂದ. ಮಗನ ವಯಸ್ಸಿನವನು ತನಗೆ ಕಳ್ಳತನದ ದಾರಿ ತೋರಿಸುವಾಗ ದನಿಯಲ್ಲಿ ಇಷ್ಟು ಮರುಕ ಇಟ್ಟುಕೊಳ್ಳಬಾರದಿತ್ತು ಎನಿಸಿತು ಮಜರುರನಿಗೆ.

ಉದ್ಯಾನದ ಕಲ್ಲುಬೆಂಚಿನ ಮೇಲೆ ಕೂತು ಅವನು ಹಳೆಯ ಲಕೋಟೆಯ ಹಿಂಭಾಗದಲ್ಲಿ ಹೆಂಡತಿಯ ಸಹಿ ಬರೆದು ನೋಡಿದ. ಮೂವತ್ತೊಂದು ವರ್ಷ ಕಂಡವರ ಸಹಿ ಸಾಚಾ ಹೌದೋ ಅಲ್ಲವೋ ಎಂದು ತೂಗಿದ ಕೈ ಅದು. ಮೊದಲನೆಯದು ನಡುಗಿತು. ಎರಡನೆಯದರಲ್ಲಿ ಕೊನೆಯ ಬಾಲ ಉದ್ದವಾಯಿತು. ಮೂರನೆಯದು ಅವಳದೇ. ಕೆಲಸ ಮುಗಿದಿತ್ತು, ಕಾಗದಕ್ಕೆ ಇಳಿಸುವುದು ಬಾಕಿ. ಯಾರಿಗೂ ತಿಳಿಯುವುದಿಲ್ಲ, ಹಸು ರೋಗಕ್ಕೆ ಹೋಯಿತು ಎಂದರೆ ಅವಳು ಎರಡು ದಿನ ಅತ್ತು ಸುಮ್ಮನಾಗುತ್ತಾಳೆ, ದ್ವೀಪದ ಮನೆ ಉಳಿಯುತ್ತದೆ, ಮುದಿತನಕ್ಕೆ ಯಾವ ಸೊನ್ನೆಯೂ ತಾಕದ ಒಂದು ಆಸರೆ ಉಳಿಯುತ್ತದೆ. ಪಕ್ಕದ ಬೆಂಚಿನ ಹೆಂಗಸು ಹುರಿದ ಜೋಳ ತಿನ್ನುತ್ತ ಫೋನಿನಲ್ಲಿ ಯಾರನ್ನೋ, “ಎಲ್ಲಾನೂ ತಂದ್ಯಾ? ಎಲ್ಲಾನೂ?” ಎಂದು ಕೇಳುತ್ತಿದ್ದಳು. ಅಣ್ಣ ಕೇಳಿದ್ದೂ ಅದೇ. ಮಾರಿಬಿಡಿ ಎಂದಾಗ ಅಣ್ಣ ಸುಮ್ಮನಾದ. ಆಮೇಲೆ, “ಎಲ್ಲಾನಾ?” ಎಂದ. ಅಣ್ಣ ತಡೆದು ತಡೆದು ಮಾತಾಡುವವನಲ್ಲ. ಆ ಮೌನದಲ್ಲಿ ಹಣೆಯ ಬಿಳಿ ಮಚ್ಚೆಯ ಕೆಂಪು ಹಸು ಇವನ ಕಣ್ಣ ಮುಂದೆಯೇ ನಿಂತಿತ್ತು, ಕಿವಿ ಅಲ್ಲಾಡಿಸುತ್ತ. ಅದೊಂದು ಬಿಟ್ಟರೆ ಕಂತಿಗೆ ನಾಲ್ಕುನೂರ ಐವತ್ತು ಡಾಲರು ಕಡಿಮೆ ಬೀಳುತ್ತದೆ ಎಂಬ ಲೆಕ್ಕವೂ ಅದರ ಪಕ್ಕದಲ್ಲೇ ನಿಂತಿತ್ತು. “ಎಲ್ಲಾ,” ಎಂದಿದ್ದ ಅವನು. ಮರೆತಿರಲಿಲ್ಲ. ಮರೆತೆ ಎಂದು ಆಮೇಲೆ ಕಲಿತುಕೊಂಡದ್ದು. ಲಕೋಟೆಯನ್ನು ಹರಿದು ಹಾಕಿದ. ದೊಡ್ಡ ಮನಸ್ಸಿನಿಂದೇನೂ ಅಲ್ಲ. ಇನ್ನೊಂದು ಸುಳ್ಳನ್ನು ದಿನಾ ಎತ್ತಿ ಇಳಿಸುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ, ಅವನಿಗೆ ಅಷ್ಟು ದಣಿವಾಗಿತ್ತು.

ಆಮೇಲೆ ಅವನು ಮಾಡಿದ್ದು ಅವನಿಗೇ ವಿಚಿತ್ರವಾಗಿ ಕಂಡಿತು. ರೈತರ ಅಂಗಡಿಗೆ ಹೋಗಿ ಉಣುಗಿನ ಮುಲಾಮು ಕೇಳಿದ. ನಾಲ್ಕು ಡಾಲರು. ಅವನ ಹರಕು ನೋಟುಗಳನ್ನು ಅಂಗಡಿಯವನು ಗೊಣಗಿಕೊಂಡೇ ತೆಗೆದುಕೊಂಡು, ಎಷ್ಟು ದನ ಇವೆ ಎಂದು ವಾಡಿಕೆಯಂತೆ ಕೇಳಿದ. ಒಂದು, ಎಂದ ಮಜರುರ. ಒಂದಕ್ಕೆ ಈ ಡಬ್ಬಿ ವರ್ಷಕ್ಕಾಯಿತು ಬಿಡಿ ಎಂದ ಅಂಗಡಿಯವನು. ಉಳಿದದ್ದು ಬೆಳಿಗ್ಗೆ ಕೊಂಬಿಯವನು ಒಲ್ಲೆ ಎಂದಿದ್ದ ಆ ಒಂದು ನೋಟು. ಸಂಜೆಯ ಕಂಡಕ್ಟರ್ ಅದನ್ನು ನೋಡಲೂ ಇಲ್ಲ, ಸುಮ್ಮನೆ ಜೇಬಿಗೆ ತುರುಕಿಕೊಂಡ.

ಮನೆ ತಲುಪುವಾಗ ಬಿಸಿಲು ಇಳಿಯುತ್ತಿತ್ತು, ಕರೆಂಟು ಹೋಗಿತ್ತು. ಚಿಹೇರಾ ಗ್ಯಾಸಿನ ಮೇಲೆ ಸಾಡ್ಜಾ ತೊಳಸುತ್ತಿದ್ದಳು, ಜೋಳದ ಹಿಟ್ಟಿನ ಮುದ್ದೆ ಗುಳುಗುಳು ಎನ್ನುತ್ತಿತ್ತು. “ದಿನ ಚೆನ್ನಾಗಿ ಕಳೀತಾ, ಶುಂಬಾ?” ಎಂದು ತಿರುಗದೆಯೇ ಕೇಳಿದಳು. ನಿನ್ನದು ಕಳೆದಿದ್ದರೆ ನನ್ನದೂ ಕಳೆಯಿತು ಎನ್ನಬೇಕು. ಅವನು ಮುಲಾಮಿನ ಡಬ್ಬಿಯನ್ನೂ ಬ್ಯಾಂಕಿನ ಕಾಗದಗಳನ್ನೂ ಮೇಜಿನ ಮೇಲಿಟ್ಟು, “ಇಲ್ಲ,” ಎಂದ. ಅವಳು ತಿರುಗಿ ಮೊದಲು ನೋಡಿದ್ದು ಡಬ್ಬಿಯನ್ನು. ಬಸ್ಸು ತಪ್ಪಿತೇ ಎಂದು ಕೇಳಿದಳು.

“ಹಸು ಇಲ್ಲ, ಚಿಹೇರಾ.”

“ಸತ್ತೋಯ್ತಾ?” ಅವಳ ದನಿಯಲ್ಲಿ ಬೈಗುಳ ಇರಲಿಲ್ಲ. ಅಳಲು ತಯಾರಾದ ದನಿ ಅದು. ಹೂಂ ಎಂದರೆ ಈಗಲೂ ಬಾಗಿಲು ತೆರೆದೇ ಇತ್ತು.

“ಮಾರಿದೆ. ಫೆಬ್ರವರೀಲಿ.”

ಅವಳು ಒಲೆ ಆರಿಸಿದಳು. ಕನ್ನಡಕ ಹುಡುಕಿ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ ಕಾಗದಗಳನ್ನು ಮೊದಲಿಂದ ಕೊನೆಯವರೆಗೆ ಓದಿದಳು. ತನ್ನ ಹೆಸರಿದ್ದ ಸಾಲಿನ ಮೇಲೆ ಅವಳ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತು. “ನಾಲ್ಕು ಡಬ್ಬಿ,” ಎಂದಳು. ಆ ಮಾತು ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು, ಹೊಡೆದಿದ್ದರೆ ಹಗುರಾಗುತ್ತಿತ್ತು. ಆಮೇಲೆ ಅವಳು ಅವನು ಇಡೀ ದಿನ ಹೆದರಿದ್ದ ಪ್ರಶ್ನೆಯನ್ನು, ಉಪ್ಪು ಸರಿಯಾಗಿದೆಯೇ ಎಂದು ಕೇಳುವ ದನಿಯಲ್ಲಿ ಕೇಳಿದಳು. “ಭಾವ ಕೇಳದೆ ಮಾರೋರಲ್ಲ. ಅವರು ಕೇಳಿದಾಗ ನಂದು ನೆನಪಿತ್ತಾ ನಿಮಗೆ?”

ಇಲ್ಲ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು, ನಾಲ್ಕು ತಿಂಗಳು ಅಭ್ಯಾಸವಾದದ್ದು. ಮರೆತವನನ್ನು ಹೆಂಡತಿ ಬೈದುಕೊಂಡು ಕ್ಷಮಿಸುತ್ತಾಳೆ, ಎಷ್ಟೋ ಸಲ ಕ್ಷಮಿಸಿದ್ದಾಳೆ.

“ನೆನಪಿತ್ತು.”

ಅವಳು ಹಿತ್ತಲಿಗೆ ಹೋದಳು. ಕೋಳಿಗಳನ್ನು ಗೂಡಿಗೆ ಕೂಡುವ ಸದ್ದು, ಅವುಗಳನ್ನು ಹೆಸರಿಟ್ಟು ಕರೆಯುವ ಸದ್ದು ಕೇಳಿಸಿತು. ಅದು ಎಂದಿಗಿಂತ ಬಹಳ ಹೊತ್ತು ಹಿಡಿಯಿತು. ಅವನು ಕುರ್ಚಿಯ ಮೇಲೆ ಕೂತೇ ಇದ್ದ. ಅವಳು ಹೋಗಿಬಿಡುತ್ತಾಳೆ, ಬುಹೇರಾದ ತವರಿಗೆ ಬಸ್ಸು ಬೆಳಿಗ್ಗೆ ಆರಕ್ಕೆ ಇದೆ ಎಂದು ಅವನ ತಲೆ ಸುಮ್ಮನೆ ವೇಳಾಪಟ್ಟಿ ಹೇಳುತ್ತಿತ್ತು. ಅವಳು ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು, ಮುಖ ತೊಳೆದಿದ್ದಳು. ಪೆನ್ನು ಕೊಡಿ ಎಂದಳು.

“ಒಪ್ಪಿದ್ದೆ ಅಂತ ನಾನು ಬರೆಯಲ್ಲ. ಸುಳ್ಳು ನಿಮ್ಮ ಮನೆಯದು, ನನ್ನದಲ್ಲ,” ಎಂದು ಆ ಕಾಗದವನ್ನು ಪಕ್ಕಕ್ಕೆ ಸರಿಸಿ, ಒಪ್ಪಂದದ ಮೊದಲ ಪುಟ ತೆಗೆದು, ಕೊಳ್ಳುವವರು ಎಂಬಲ್ಲಿದ್ದ ಅವನ ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದಳು. ಅದರ ಮೇಲೆ ಎಸ್ನಾತ್ ಮಜರುರ ಎಂದು ದುಂಡಗೆ ಬರೆದಳು. “ಹಸು ಏನೇ ಹಡೆದ್ರೂ ನಂದೇ. ಕರು ಹಡೆದ್ರೆ ಕರು, ಮನೆ ಹಡೆದ್ರೆ ಮನೆ. ಅವರ ಬ್ಯಾಂಕಿಗೆ ಹೀಗೇ ಅಂತ ಬರೆದು ಕೊಡ್ತೀನಿ. ಒಪ್ಪಿದ್ರೆ ಒಪ್ಪಲಿ, ಬಿಟ್ರೆ ಬಿಡಲಿ.”

ಹತ್ತು ದನ ನನ್ನವು, ನಿವೇಶನ ನನ್ನದು, ಎಂದು ಅವನ ಒಳಗೆ ಯಾರೋ ಹಳೆಯ ಗುಮಾಸ್ತ ತಕರಾರು ತೆಗೆದ. ಯಾವ ಸರ್ಕಾರದ ಕೈಯೂ ತಲುಪದ, ಯಾವ ಬ್ಯಾಂಕೂ ಅಳಿಸಲಾಗದ ಜಾಗ ಹುಡುಕಿಕೊಂಡು ಅವನು ಸಮುದ್ರದಾಚೆ ಹೋಗಿದ್ದ. ಅದು ಈಗ ತಾಯಿಹಸುವಾಗಿತ್ತು. ಅದರ ಬಾಡಿಗೆ ಮುಟ್ಟಲು ಹೆಂಡತಿಯನ್ನು ಕೇಳಬೇಕು, ಅವಳ ನಂತರ ಅದು ಬುಹೇರಾದವರ ಪಾಲು.

“ಈಗ ತೊಬಿಯಾಸ್‌ಗೆ ಹೇಳಿ,” ಎಂದಳು ಚಿಹೇರಾ. “ನಾನಲ್ಲ. ನೀವೇ.”

ತೊಬಿಯಾಸ್ ಅವಳ ತಮ್ಮ, ಮಜರುರನಿಗಿಂತ ಹನ್ನೆರಡು ವರ್ಷ ಚಿಕ್ಕವನು. ಆದರೇನು, ಹೆಣ್ಣು ಕೊಟ್ಟ ಮನೆಯವನು. ಅವನೆದುರು ಈ ಮನೆಯ ಗಂಡು ಎಂದೆಂದಿಗೂ ಅಳಿಯ, ಕುರ್ಚಿಯ ಮೇಲೆ ಕೂತು ಮಾತಾಡುವಂತಿಲ್ಲ. ಫೋನಿನಲ್ಲಿ ಯಾರು ನೋಡುತ್ತಾರೆ ಎಂದು ಅವನು ಇಷ್ಟು ವರ್ಷ ಸೋಫಾದಲ್ಲಿ ಕೂತೇ ಮಾತಾಡಿದ್ದ. ಇಂದು ಮಂಡಿ ಹಿಡಿದುಕೊಂಡು, ಮೇಜಿನ ಕಾಲಿನ ಆಸರೆಯಲ್ಲಿ, ತಣ್ಣನೆಯ ಸಿಮೆಂಟಿನ ಮೇಲೆ ಇಳಿದು ಕೂತ. ನಂಬರು ಒತ್ತಿ, ಸ್ಪೀಕರ್ ಹಾಕಿದ ಫೋನನ್ನು ನೆಲದ ಮೇಲಿಟ್ಟು, ಹೆಣ್ಣು ಕೊಟ್ಟವರಿಗೆ ಸಲ್ಲಬೇಕಾದ ಮರ್ಯಾದೆಯಂತೆ ಎರಡೂ ಅಂಗೈ ಬಟ್ಟಲಾಗಿಸಿ ಮೆಲ್ಲಗೆ ಚಪ್ಪಾಳೆ ತಟ್ಟಿ, ಆಮೇಲೆ ಹೇಳತೊಡಗಿದ. ರೋಗ ಬಂದದ್ದು, ಮಾರಿದ್ದು, ನೆನಪಿದ್ದೂ ಮಾರಿದ್ದು, ದ್ವೀಪದ ಮನೆ, ಅದು ಈಗ ಯಾರ ಹೆಸರಿಗೆ ಎಂಬುದು. ಆ ಕಡೆ ದನಗಳು ಮನೆಗೆ ಮರಳುವ ಹೊತ್ತು, ಗಂಟೆಗಳು ಕೇಳಿಸುತ್ತಿದ್ದವು. ಫೋನು ಕಟ್ಟಾಯಿತೇನೋ ಎಂದು ಮಜರುರ ಬಗ್ಗಿ ನೋಡಿದ.

“ಅಳಿಯಂದಿರೇ,” ಎಂದಿತು ಕೊನೆಗೆ ನೆಲದ ಮೇಲಿದ್ದ ಫೋನು. “ಆ ಮನೇನ ನೀವು ನೋಡಿದ್ದೀರಾ?”

“ಇಲ್ಲ.”

“ನಮ್ಮಕ್ಕ ನೋಡಿದ್ದಾಳಾ?”

“ಇಲ್ಲ.”

“ಕರು ಹಾಕುತ್ತಾ ಅದು?”

ಅವನು ತಮಾಷೆ ಮಾಡುತ್ತಿರಲಿಲ್ಲ. ಹಸು ತರುವವರನ್ನು ಯಾರಾದರೂ ಕೇಳುವ ಮೊದಲ ಪ್ರಶ್ನೆ ಅದು, ನ್ಯಾಯವಾದ ಪ್ರಶ್ನೆ. ಮಜರುರನ ಬಳಿ ಅದಕ್ಕೆ ಪ್ರೇಜ್‌ಮೋರ್ ಕೊಟ್ಟ ಹತ್ತು ವರ್ಷದ ಕೋಷ್ಟಕವಿತ್ತು, ಬಣ್ಣದ ಗೆರೆಗಳು ಮೇಲಕ್ಕೇರುವ ಚಿತ್ರವಿತ್ತು. ಇಂಥ ಕೋಷ್ಟಕಗಳನ್ನು ಅವನೇ ಮೂವತ್ತೊಂದು ವರ್ಷ ಜನರಿಗೆ ಕಳಿಸಿದ್ದ, ಕೆಂಪು ರವಿಕೆಯ ಆ ಮೇಡಮ್ಮಿಗೂ ಕಳಿಸಿದ್ದ. ತಲೆಯೆತ್ತಿ ಹೆಂಡತಿಯ ಕಡೆ ನೋಡಿದ. ಅವಳು ಕಿಟಕಿಯ ಹತ್ತಿರ ಮುಲಾಮಿನ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

“ಕೇಳ್ತಿದ್ದಾನೆ, ಹೇಳಿ,” ಎಂದಳು.

“ನನಗೆ ಗೊತ್ತಿಲ್ಲ,” ಎಂದ ಮಜರುರ.